ಅಂಚೆಯಲ್ಲಿ ಹೋದ ಎಂಜಲು

ಮೂರು ವರ್ಷಗಳ ಹಿಂದೆ, ಸಿಯಾಟಲ್ ಹತ್ತಿರದ ನಮ್ಮ ಮನೆಗೆ ಅಂಚೆಯಲ್ಲಿ ವಂಶವಾಹಿ ಪರೀಕ್ಷೆಯ ಒಂದು ಸಣ್ಣ ಪೆಟ್ಟಿಗೆ ಬಂದಿತು. ಅದರೊಳಗೆ ಲಾಳಿಕೆ ಜೋಡಿಸಿದ ಪ್ಲಾಸ್ಟಿಕ್ ನಳಿಕೆ, ಅದರ ಮುಚ್ಚಳ, ಸೋರಿದರೆ ಹೀರಿಕೊಳ್ಳುವ ಹಾಳೆಯಿದ್ದ ಚೀಲ ಮತ್ತು ವಿಳಾಸ ಅಚ್ಚಾಗಿದ್ದ ಇನ್ನೊಂದು ಲಕೋಟೆ ಇದ್ದವು. ಅರ್ಧ ಗಂಟೆ ಮೊದಲಿನಿಂದ ಏನನ್ನೂ ತಿನ್ನದೆ, ಕುಡಿಯದೆ ಇದ್ದು ನಳಿಕೆಯ ಗೆರೆಯವರೆಗೆ ಎಂಜಲು ತುಂಬಬೇಕು, ನೊರೆ ಲೆಕ್ಕಕ್ಕಿಲ್ಲ ಎಂದು ಚೀಟಿಯಲ್ಲಿ ಬರೆದಿತ್ತು. ಎರಡು ಮಿಲಿಲೀಟರ್ ಎಂಜಲು ಅಷ್ಟು ದೊಡ್ಡ ವಿಷಯವೇ ಎಂದುಕೊಂಡು ಕುಳಿತ ನನಗೆ ಬಾಯಿ ಒಣಗಿ, ಕೊನೆಗೆ ಮಲೆನಾಡಿನ ಸಾಗರ ಊರಿನ ನಮ್ಮ ಮನೆಯ ಅಪ್ಪೆಮಿಡಿ ಭರಣಿಯನ್ನು ಮನಸ್ಸಿಗೆ ತಂದುಕೊಂಡು ಆ ಗೆರೆ ಮುಟ್ಟಿಸಬೇಕಾಯಿತು. ಎಂಜಲು ಕೈಯಲ್ಲಿ ಪಾತ್ರೆ ಮುಟ್ಟಿದರೆ ಬೈಸಿಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದವನು ಅದೇ ಎಂಜಲನ್ನು ಲಕೋಟೆಗೆ ಹಾಕಿ ಅಂಚೆಡಬ್ಬಕ್ಕೆ ಬಿಟ್ಟು ಬಂದೆ.

ನನಗೆ ಪ್ರಾಸ್ಟೇಟ್ ಕ್ಯಾನ್ಸರ್, ಅಂದರೆ ಗಂಡಸರಿಗಷ್ಟೇ ಇರುವ ಗ್ರಂಥಿಯೊಂದರ ಕ್ಯಾನ್ಸರ್ ಇದೆ, ಪತ್ತೆಯಾಗುವ ಹೊತ್ತಿಗೇ ಅದು ಮೂಳೆಗೆ ಹರಡಿತ್ತು. ಹೀಗೆ ಹರಡಿದವರಲ್ಲಿ ಹುಟ್ಟಿನಿಂದಲೇ ಬಂದ ವಂಶವಾಹಿ ದೋಷ ಎಷ್ಟು ಮಂದಿಗಿದೆ ಎಂದು ಅಮೆರಿಕ ಮತ್ತು ಬ್ರಿಟನ್ನಿನ ವೈದ್ಯರು 692 ರೋಗಿಗಳಲ್ಲಿ ಹುಡುಕಿ, 2016ರಲ್ಲಿ ಪ್ರಕಟಿಸಿದ ಉತ್ತರ ನೂರಕ್ಕೆ 11.8. ಕ್ಯಾನ್ಸರ್ ಗ್ರಂಥಿಯೊಳಗೇ ಉಳಿದವರಲ್ಲಿ ಅದು 4.6ರಷ್ಟೇ ಇತ್ತು. ಡಿಎನ್‌ಎ ಹಾನಿಯನ್ನು ರಿಪೇರಿ ಮಾಡುವ ವಂಶವಾಹಿಗಳಲ್ಲಿರುವ ಈ ದೋಷಗಳಲ್ಲಿ ಹೆಚ್ಚು ಕಾಣಿಸಿದ್ದು ಬಿಆರ್‌ಸಿಎ2 ಎಂಬ ವಂಶವಾಹಿಯದು, ಅಂದರೆ ನಾವೆಲ್ಲ ಸ್ತನ ಕ್ಯಾನ್ಸರಿನ ಜೊತೆಗೆ ಮಾತ್ರ ಕೇಳಿದ ಹೆಸರು. ಆ ಮೇಲೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಎಲ್ಲರಿಗೂ ಈ ಪರೀಕ್ಷೆ ಮಾಡಿಸಬೇಕೆಂಬ ಸಲಹೆ ಇಲ್ಲಿನ ಚಿಕಿತ್ಸಾ ಮಾರ್ಗಸೂಚಿಗೆ ಸೇರಿತು. 2021ರಲ್ಲಿ ಪ್ರಾಮಿಸ್ ಎಂಬ ಹೆಸರಿನ ನೋಂದಣಿ ಯೋಜನೆಯೊಂದು ಐದು ಸಾವಿರ ರೋಗಿಗಳ ಮನೆಗೆ ಎಂಜಲಿನ ಕಿಟ್ ಕಳಿಸಿ, ದೋಷವಿರುವ ಐನೂರು ಮಂದಿಯನ್ನು ಗುರುತಿಸಿ ಅವರ ಚಿಕಿತ್ಸೆಯನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿಯಿಟ್ಟುಕೊಂಡು ಹೊರಟಿತು. ಕಿಟ್ಟಿಗೆ ರೋಗಿ ದುಡ್ಡು ಕೊಡಬೇಕಾಗಿರಲಿಲ್ಲ, ಆಸ್ಪತ್ರೆಗೆ ಹೋಗಬೇಕಾಗಿರಲಿಲ್ಲ, ಫಲಿತಾಂಶವನ್ನು ಫೋನಿನಲ್ಲೇ ವಿವರಿಸುತ್ತಿದ್ದರು.

ಎಂಜಲು ಕಳಿಸುವ ಮೊದಲು ಒಂದು ನಮೂನೆ ತುಂಬಬೇಕಿತ್ತು. ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ ಎಂಬ ಪ್ರಶ್ನೆಗೆ ನಾನು ಹಿಂದೆಮುಂದೆ ನೋಡದೆ ಇಲ್ಲ ಎಂದು ಗುರುತು ಹಾಕಿದ್ದೆ. ಫಲಿತಾಂಶ ಬಂದ ದಿನ ಫೋನಿನಲ್ಲಿ ಸಿಕ್ಕ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶವಾಹಿ ಫಲಿತಾಂಶವನ್ನು ಬಿಡಿಸಿ ಹೇಳುವ ಸಲಹೆಗಾರ್ತಿ, ಆ ಉತ್ತರವನ್ನು ಒಪ್ಪಲಿಲ್ಲ. ತಂದೆಯ ಕಡೆಯವರು ಯಾರು ಯಾವಾಗ ತೀರಿಕೊಂಡರು, ಏನಾಗಿತ್ತು ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದಾಗ ನನ್ನ ಸೋದರತ್ತೆಯ ಮಾತು ಬಂತು. ಅವರು ಐವತ್ತು ತುಂಬುವ ಮೊದಲೇ ಹೋದರು, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು ಎಂದೆ. ನಮ್ಮ ಮನೆಯಲ್ಲಿ ಆ ಕಾಯಿಲೆಗೆ ಇದ್ದ ಹೆಸರೇ ಅದು, ಹೊಟ್ಟೆಗೆ ನೀರು ತುಂಬಿದ್ದು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಡಾಶಯದ ಕ್ಯಾನ್ಸರ್ ಮುಂದುವರಿದಾಗ ಹೊಟ್ಟೆಯಲ್ಲಿ ನೀರು ತುಂಬುವುದುಂಟು ಎಂದರು. ನಲವತ್ತು ವರ್ಷ ನಮ್ಮ ಬಾಯಲ್ಲಿದ್ದ ಮಾತಿನ ಅರ್ಥ ನನಗೆ ಆಗ ಹೊಳೆಯಿತು.

ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕಿ ಈ ಕೌನ್ಸೆಲರ್‌ಗಳು ವಂಶವೃಕ್ಷ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಆಂಟ್ ಎಂದರೆ ಯಾವ ಕಡೆಯವರೆಂದು ಮತ್ತೆ ಕೇಳಬೇಕು, ನಮ್ಮಲ್ಲಿ ಸೋದರತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎನ್ನುವಾಗಲೇ ಅರ್ಧ ಚಿತ್ರ ಮುಗಿದಿರುತ್ತದೆ. ಈ ಕೆಲಸಕ್ಕೆ ಹೇಳಿ ಮಾಡಿಸಿದ ಭಾಷೆಯನ್ನಾಡುವ ನಾವು ಯಾರಿಗೆ ಏನಾಗಿತ್ತು ಎಂಬುದನ್ನು ಮಾತ್ರ ಮುಚ್ಚಿಟ್ಟುಕೊಂಡೇ ಬಂದಿದ್ದೇವೆ. ನನ್ನ ಅಕ್ಕನನ್ನು ಅದೇ ಸೋದರತ್ತೆಯ ಮಗನಿಗೆ ಕೊಟ್ಟಿದ್ದಾರೆ ಎಂದಾಗ ಆಕೆ ಆ ಇಬ್ಬರ ನಡುವೆ ಒಂದರ ಬದಲು ಎರಡು ಗೆರೆ ಎಳೆದೆ ಎಂದರು. ರಕ್ತಸಂಬಂಧದಲ್ಲಿ ಮದುವೆಯಾದವರಿಗೆ ಆ ಜೋಡಿಗೆರೆಯಂತೆ. ಅಕ್ಕನಿಗೂ ಭಾವನಿಗೂ ಒಂದೇ ದೋಷ ಬಂದಿರುವ ಸಾಧ್ಯತೆಯಿದೆ. ಇಬ್ಬರಿಂದಲೂ ದೋಷದ ಪ್ರತಿಯನ್ನೇ ಪಡೆದ ಮಗುವಿಗೆ ಫ್ಯಾಂಕೋನಿ ಅನೀಮಿಯಾ ಎಂಬ ತೀವ್ರ ಕಾಯಿಲೆ ಎಳವೆಯಲ್ಲೇ ಕಾಣಿಸಿಕೊಳ್ಳುತ್ತದೆ. ಅಕ್ಕನ ಮಗಳು ಆರೋಗ್ಯವಾಗಿ ಮೂವತ್ತು ದಾಟಿದ್ದಾಳೆ, ಆದ್ದರಿಂದ ಆ ಭಯವಿಲ್ಲ, ಆದರೆ ಒಂದು ಪ್ರತಿ ಅವಳಿಗೆ ಎರಡು ದಾರಿಗಳಲ್ಲಿ ಯಾವುದರಿಂದಾದರೂ ಬಂದಿರಬಹುದಿತ್ತು.

ನನ್ನ ಫಲಿತಾಂಶ ಬಿಆರ್‌ಸಿಎ2 ದೋಷವಿದೆ ಎಂದೇ ಬಂದಿತ್ತು. ಇದರಿಂದ ನನಗೆ ಆದ ಉಪಯೋಗವನ್ನು ಎರಡು ಮಾತಿನಲ್ಲಿ ಹೇಳಬಹುದು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಹಂತ ತಲುಪಿದವರಲ್ಲಿ, ಈ ದೋಷವಿರುವ ಕ್ಯಾನ್ಸರ್ ಕೋಶಗಳಿಗೆ ಉಳಿದಿರುವ ಇನ್ನೊಂದು ರಿಪೇರಿ ದಾರಿಯನ್ನೂ ಕಟ್ಟಿಹಾಕುವ ಒಲಾಪರಿಬ್, ರುಕಾಪರಿಬ್ ಎಂಬ ಮಾತ್ರೆಗಳಿಗೆ 2020ರ ಮೇ ತಿಂಗಳಲ್ಲಿ ಇಲ್ಲಿ ಒಪ್ಪಿಗೆ ಸಿಕ್ಕಿದ್ದು, ನನ್ನ ಸರದಿ ಬಂದಾಗ ಆ ಬಾಗಿಲು ತೆರೆದಿರುತ್ತದೆ. ನಾನು ಹೇಳಬೇಕೆಂದು ಹೊರಟಿದ್ದು ಆ ವಿಷಯವನ್ನಲ್ಲ. ಈ ದೋಷ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಂಭವ ಅರ್ಧಕ್ಕರ್ಧ, ಗಂಡೋ ಹೆಣ್ಣೋ ಎಂಬ ಭೇದವಿಲ್ಲ. ದೋಷ ಬಂದ ಗಂಡುಮಕ್ಕಳಿಗೆ ನಲವತ್ತರಿಂದಲೇ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆ ಶುರುಮಾಡಿ ಎನ್ನುತ್ತಾರೆ. ದೋಷ ಬಂದ ಹೆಣ್ಣುಮಕ್ಕಳ ಲೆಕ್ಕ ಇನ್ನೂ ಗಂಭೀರ: ಎಂಬತ್ತರ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ 69, ಅಂಡಾಶಯದ್ದು 17 ಎಂದು 2017ರ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿದೆ. ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಯ ಮನೆಗೆ ಬರುವ ಆ ನಳಿಕೆಯಿಂದ ಹೆಚ್ಚು ಪ್ರಯೋಜನ ಆಗಬಹುದಾದ್ದು ಪ್ರಾಸ್ಟೇಟ್ ಗ್ರಂಥಿಯೇ ಇಲ್ಲದವರಿಗೆ.

ಇದನ್ನು ಸಾಗರಕ್ಕೆ ಫೋನ್ ಮಾಡಿ ಅಕ್ಕನಿಗೆ ಹೇಳಿದೆ. "ಅದು ಗಂಡಸರ ಕಾಯಿಲೆ ಅಲ್ವೇನೋ ಮಾರಾಯ, ನಮ್ಮ ಹುಡುಗಿಗೆ ಯಾಕೆ ಹೇಳಬೇಕು? ಅವಳಿಗೆ ಈಗ ಒಂದು ಕಡೆ ಮಾತುಕತೆ ಬೇರೆ ನಡೀತಾ ಇದೆ," ಎಂದಳು. ನನಗೆ ಸಿಟ್ಟು ಬಂತು, ಆದರೆ ಅವಳ ತಪ್ಪೇನೂ ಇರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಕೇಳುತ್ತ ಬೆಳೆದವರು ನಾವು, ಗೋತ್ರವನ್ನು ಗಂಡಸರ ಸಾಲಿನಲ್ಲಿ ಮಾತ್ರ ಎಣಿಸುವವರು. ಹದಿಮೂರನೆಯ ವರ್ಣತಂತುವಿನ (ಕ್ರೋಮೋಸೋಮ್) ಮೇಲೆ ಕುಳಿತ ದೋಷಕ್ಕೆ ಈ ಗಾದೆ ಗೊತ್ತಿಲ್ಲ. ಅದು ನನ್ನ ಸೋದರತ್ತೆಯ ಜೊತೆಯಲ್ಲೇ ಗಂಡನ ಮನೆಯ ಹೊಸಿಲು ದಾಟಿತ್ತು.

ಅಮೆರಿಕದವರು ಇದನ್ನು ಚೆನ್ನಾಗಿ ನಿಭಾಯಿಸುತ್ತಾರೆಂದು ನಾನು ಹೇಳಲಾರೆ. ಇಲ್ಲಿ ಫಲಿತಾಂಶ ರೋಗಿಯೊಬ್ಬನ ಸ್ವತ್ತು. ಪಾಸ್‌ವರ್ಡ್ ಹಾಕಿ ತೆರೆಯುವ ಪುಟದಲ್ಲಿ ಅವನಿಗೆ ಮಾತ್ರ ಕಾಣುತ್ತದೆ, ಆಸ್ಪತ್ರೆಯವರು ತಾವಾಗಿ ಅವನ ತಂಗಿಗೆ ಫೋನ್ ಮಾಡುವುದಿಲ್ಲ. ಬಂಧುಗಳಿಗೆ ಕೊಡಿ ಎಂದು ದೋಷದ ಹೆಸರನ್ನು ಅಕ್ಷರ ಬಿಡದೆ ನಮೂದಿಸಿದ ಪತ್ರವೊಂದನ್ನು ಅವನ ಕೈಗಿಡುತ್ತಾರೆ, ಅಲ್ಲಿಗೆ ಅವರ ಕೆಲಸ ಮುಗಿಯಿತು. ನನ್ನ ಜೊತೆ ಚಿಕಿತ್ಸೆಗೆ ಬರುವ ಒಬ್ಬ ಸಭ್ಯ ಮನುಷ್ಯ ಆ ಪತ್ರವನ್ನು ಒಂದೂವರೆ ವರ್ಷದಿಂದ ಕಾರಿನ ಡ್ರಾಯರಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದಾನೆ. ತಂಗಿಯ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಯಿತಂತೆ. ನಮ್ಮೂರಿನಲ್ಲಿ ಹನ್ನೊಂದು ವರ್ಷ ಮಾತು ಬಿಟ್ಟವರೂ ಹನ್ನೆರಡನೆಯ ದಿನದ ಊಟಕ್ಕೆ ಎದುರುಬದುರು ಕೂರಲೇಬೇಕಾಗುತ್ತದೆ, ಯಾರಾದರೊಬ್ಬರು ವಿಷಯ ಮುಟ್ಟಿಸುತ್ತಾರೆ. ಆದರೆ ನಮ್ಮಲ್ಲಿ ವಿಷಯ ಮುಟ್ಟುವುದು ಯಾರಿಗೆ? ವೈದ್ಯರು ರೋಗಿಯನ್ನು ಹೊರಗೆ ಕೂರಿಸಿ ಮಗನಿಗೆ ಹೇಳುತ್ತಾರೆ, ಮಗ ಅಪ್ಪನಿಗೆ ಗಡ್ಡೆ ಎನ್ನುತ್ತಾನೆ, ಮಗಳಿಗೆ ಅದೂ ಇಲ್ಲ.

ವಿಮೆಯ ಭಯ ಎರಡೂ ಕಡೆ ಇದೆ. ಇಲ್ಲಿ 2008ರ ಕಾನೂನು ವಂಶವಾಹಿ ಪರೀಕ್ಷೆಯ ಆಧಾರದ ಮೇಲೆ ಆರೋಗ್ಯ ವಿಮೆಯನ್ನೋ ಕೆಲಸವನ್ನೋ ನಿರಾಕರಿಸಬಾರದೆನ್ನುತ್ತದೆ, ಆದರೆ ಜೀವವಿಮೆಯಂಥವು ಅದರ ವ್ಯಾಪ್ತಿಗೆ ಬರುವುದಿಲ್ಲ. ಭಾರತದಲ್ಲಿ ಅಂಥದೊಂದು ಕಾನೂನಿನ ಬದಲು, ವಂಶವಾಹಿ ಕಾಯಿಲೆಗಳನ್ನು ಸಾರಾಸಗಟಾಗಿ ವಿಮೆಯಿಂದ ಹೊರಗಿಡುವುದು ತಾರತಮ್ಯವೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಕೊಟ್ಟ ತೀರ್ಪಿದೆ. ಮದುವೆ ಮಾತುಕತೆಯಿಂದ ಕಾಪಾಡುವ ತೀರ್ಪು ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ.

ಹಾಗಿದ್ದೂ ಮನೆಗೆ ಬರುವ ಈ ಕಿಟ್ ಅಮೆರಿಕಕ್ಕಿಂತ ನಮ್ಮ ಕಡೆಗೇ ಹೆಚ್ಚು ಒಪ್ಪುವಂಥದು ಎಂಬುದು ನನ್ನ ಅಭಿಪ್ರಾಯ. ಪ್ರಯೋಗಾಲಯದ ಕೊರತೆಯಿಲ್ಲ, ಸ್ಟ್ರಾಂಡ್, ಮೆಡ್‌ಜೀನೋಮ್‌ನಂಥ ಸಂಸ್ಥೆಗಳು ಬೆಂಗಳೂರಿನಲ್ಲೇ ಈ ಪರೀಕ್ಷೆ ಮಾಡುತ್ತವೆ. ಸೊಂಟದ ಮೂಳೆಗೆ ಹರಡಿದ ನೋವಿನಲ್ಲಿ ಎಪ್ಪತ್ತರ ಮುದುಕರೊಬ್ಬರು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಬದಲು, ಬೆಳಗಿನ ಕವಳ ಹಾಕುವ ಮೊದಲು ಜಗಲಿಯಲ್ಲಿ ಕುಳಿತು ನಳಿಕೆ ತುಂಬಿಸಿದರೆ ಸಾಕು. ಆದರೆ ಪೆಟ್ಟಿಗೆಯ ಜೊತೆಗೆ ಫೋನಿನ ಆ ತುದಿಯಲ್ಲಿ ಕನ್ನಡದಲ್ಲಿ ಮಾತನಾಡುವ, ಹೊಟ್ಟೆಗೆ ನೀರು ತುಂಬಿದ್ದು ಎಂದರೆ ಏನೆಂದು ಅರ್ಥವಾಗುವ ಒಬ್ಬರು ಇರಲೇಬೇಕು. ದೋಷವಿದೆ, ಇಲ್ಲ ಎಂಬ ಎರಡು ಉತ್ತರಗಳ ನಡುವೆ ಅರ್ಥ ಖಚಿತವಾಗದ ಬದಲಾವಣೆ ಎಂಬ ಮೂರನೆಯದೂ ಇದ್ದು, ಯುರೋಪ್ ಮೂಲದವರ ಮಾಹಿತಿಯೇ ಹೆಚ್ಚು ಸಂಗ್ರಹವಾಗಿರುವುದರಿಂದ ಅದು ನಮ್ಮಂಥವರಿಗೆ ಹೆಚ್ಚಾಗಿ ಬರುತ್ತದೆ. ಅದನ್ನು ಬಿಡಿಸಿ ಹೇಳುವವರಿಲ್ಲದೆ ಓದಿದರೆ ಸುಮ್ಮನೆ ನಿದ್ದೆಗೇಡು.

ವಂಶಮೂಲ ತಿಳಿಸುತ್ತೇವೆಂದು ಹಬ್ಬದ ಉಡುಗೊರೆಯಾಗಿ ಮಾರುವ ಎಂಜಲಿನ ಕಿಟ್‌ಗಳನ್ನು ಇದರೊಡನೆ ಬೆರೆಸಬಾರದು. ಅಂಥ ಕಿಟ್ ಮಾರುವ 23ಆಂಡ್‌ಮಿ ಕಂಪನಿಗೆ 2018ರಲ್ಲಿ ಬಿಆರ್‌ಸಿಎ ವರದಿ ಕೊಡಲು ಅನುಮತಿ ಸಿಕ್ಕಿದ್ದು ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚಾಗಿರುವ ಮೂರೇ ಮೂರು ಬದಲಾವಣೆಗಳಿಗೆ. ಆ ಪಟ್ಟಿ 2023ರಲ್ಲಿ 44ಕ್ಕೆ ಬೆಳೆಯಿತಾದರೂ, ಆ ಮೂರನ್ನು ನೋಡಿ ಸಾಗರದವನೊಬ್ಬ ಸಮಾಧಾನಪಟ್ಟುಕೊಂಡಿದ್ದರೆ ಪಕ್ಕದ ಮನೆಯ ಜಾತಕ ಓದಿದಂತೆಯೇ ಆಗುತ್ತಿತ್ತು. ಅದೇ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು.

ಅಕ್ಕನ ಮಗಳಿಗೆ ಕೊನೆಗೆ ನಾನೇ ಹೇಳಿದೆ. ಅವಳು ಪತ್ರವನ್ನು ಎರಡು ಸಲ ಓದಿ, "ಮಾವ, ಅಮ್ಮನಿಗೆ ಇಲ್ಲ ಅಂತ ಬಂದರೂ ಅಪ್ಪನ ಕಡೆಯಿಂದ ಬಂದಿರಬಹುದಲ್ಲ, ಅವರಿಬ್ಬರದು ಕಾಯೋದು ಯಾಕೆ? ನಾನೇ ಮಾಡಿಸಿಕೊಳ್ತೀನಿ," ಎಂದಳು. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ಧ್ವನಿ ಕೇಳಿತು. ಅವಳು ಫೋನ್ ಇಸಿದುಕೊಂಡು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಶಿರಸಿ ದೊಡ್ಡಪ್ಪನ ಮಗಳಿಗೆ ಹೋದ ವರ್ಷ ಎದೆಯಲ್ಲಿ ಗಂಟು ಅಂತ ಆಪರೇಷನ್ ಆಯ್ತು ಕಣೋ. ಯಾರಿಗೂ ಹೇಳಬೇಡ ಅಂದಿದ್ದರು," ಎಂದಳು.