ಗಾಳಿ ಎಷ್ಟುಂಟು?

ಭುಜ ಎತ್ತಲಿಕ್ಕೆ ಆಗ್ತಾ ಇಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕೈ ಮೇಲೆ ಬರಲೇ ಇಲ್ಲ, ತಲೆಯನ್ನೇ ಬ್ರಶ್ ಹತ್ರ ಬಗ್ಗಿಸಿ ಉಜ್ಜಿ ಮುಗಿಸಿದ್ದು. ಅಮ್ಮ ನೋಡಿ "ಎಂತ, ನಿನ್ನೆ ಬಾವಿಯ ಕೆಸರು ತೆಗ್ದದ್ದಾ?" ಅಂತ ಕೇಳಿದ್ರು. ಕೆಸರಲ್ಲ ಮಾರಾಯ್ರೆ, ಗಾಳಿ. ಉಡುಪಿಯಲ್ಲಿ ಕಡಲ ಕಡೆಯಿಂದ ಹಗಲೂ ರಾತ್ರಿ ಪುಕ್ಕಟೆ ಬೀಸುವ ಗಾಳಿಯನ್ನು ಒಂದು ಕೊಳವೆಯೊಳಗೆ ತುರುಕಲಿಕ್ಕೆ ದುಡ್ಡು ಕೊಟ್ಟು ಪಂಪ್ ತಗೊಂಡು, ಅದರ ಮೇಲೆ ಹತ್ತಿ ಇಳಿದು ಹತ್ತಿ ಇಳಿದು ಈ ಗತಿ.

ವಿಷಯ ಎಂತ ಅಂದ್ರೆ ನಾನೊಂದು ಹೊಸ ಪಿಸಿಪಿ, ಅಂದ್ರೆ ಮೊದಲೇ ಗಾಳಿ ತುಂಬಿಸಿಡುವ ಜಾತಿಯ ಏರ್ ರೈಫಲ್ ತಗೊಂಡಿದ್ದೇನೆ. ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಕೋವಿ ಉಂಟಲ್ಲ, ನಡು ಮುರಿದು ಸ್ಪ್ರಿಂಗ್ ಏರಿಸುದು, ಅದಲ್ಲ ಇದು. ಇದಕ್ಕೆ ಮೊದಲೇ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿಸಿಡ್ಬೇಕು. ಟ್ರಿಗ್ಗರ್ ಎಳೆದ್ರೆ ಒಳಗಿನ ಹ್ಯಾಮರ್ ಹೋಗಿ ವಾಲ್ವಿಗೆ ಬಡೀತದೆ, ವಾಲ್ವ್ ಒಂದು ಕ್ಷಣ ತೆರೆದು ಒಂದು ಗುಟುಕು ಗಾಳಿ ಬಿಟ್ಟು ಮುಚ್ಚಿಕೊಳ್ತದೆ, ಪೆಲೆಟ್ ಅನ್ನುವ ಸಣ್ಣ ಗುಂಡು ಹೋಗ್ತದೆ. ಒದೆತ ಇಲ್ಲ, ಹೆಚ್ಚು ಶಬ್ದ ಇಲ್ಲ, ಭಾರಿ ಚಂದ. ಬೋರ್, ಅಂದ್ರೆ ನಳಿಗೆಯ ಒಳಗಿನ ಅಗಲ 4.5 ಮಿಲಿಮೀಟರ್, ಶಕ್ತಿ 20 ಜೂಲ್ ಒಳಗೆ ಇದ್ರೆ ಲೈಸೆನ್ಸೂ ಬೇಡ. ಇಷ್ಟೆಲ್ಲ ಓದಿಯೇ ತಗೊಂಡದ್ದು. ಗಾಳಿ ಎಲ್ಲಿಂದ ಬರ್ತದೆ ಅನ್ನುದನ್ನು ಮಾತ್ರ ಯಾರೂ ದೊಡ್ಡ ಅಕ್ಷರದಲ್ಲಿ ಬರೆದಿರ್ಲಿಲ್ಲ.

200 ಬಾರ್ ಅಂದ್ರೆ ಎಷ್ಟು ಅಂತ ಒಂದು ಅಂದಾಜು ಹೇಳ್ತೇನೆ, ಕಾರಿನ ಟಯರಿಗೆ ನಾವು ಹಾಕುದು ಎರಡು ಚಿಲ್ರೆ ಬಾರ್. ಸಂತೆಕಟ್ಟೆ ಕಡೆಯ ಪಂಕ್ಚರ್ ಅಂಗಡಿಯವರ ಹತ್ರ ಸುಮ್ನೆ ಕೇಳಿ ನೋಡಿದೆ. ಅವರು ಗನ್ ನೋಡಿ, ನನ್ನನ್ನು ನೋಡಿ, ತಮ್ಮ ಕಂಪ್ರೆಸರ್ ನೋಡಿ, "ಇದಕ್ಕೆ ಆಗ್ಲಿಕ್ಕಿಲ್ಲ, ವೆಲ್ಡಿಂಗಿನವರ ಹತ್ರ ಆಕ್ಸಿಜನ್ ಸಿಲಿಂಡರ್ ಉಂಟಲ್ಲ, ಅದ್ರಿಂದ ಹಾಕಿಸಿ" ಅಂದ್ರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು ಪಾಪ. ಆದ್ರೆ ಒಳಗೆ ಎಲ್ಲಾದ್ರೂ ಒಂಚೂರು ಗ್ರೀಸ್ ಇದ್ದು ಅದಕ್ಕೆ ಅಷ್ಟು ಒತ್ತಡದ ಆಕ್ಸಿಜನ್ ತಾಗಿದ್ರೆ ಗನ್ನೂ ಇಲ್ಲ ನಾನೂ ಇಲ್ಲ. ಇದಕ್ಕೆ ಬರೀ ಗಾಳಿಯೇ ಆಗ್ಬೇಕು. ಇನ್ನೊಂದು ದಾರಿ ಅಂದ್ರೆ ಸ್ಕೂಬಾದವರ ಟ್ಯಾಂಕ್. ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗೆ ಕರ್ಕೊಂಡು ಹೋಗುವವರು ಮುರ್ಡೇಶ್ವರದಲ್ಲಿದ್ದಾರೆ, ಇಲ್ಲಿಂದ ನೂರು ಕಿಲೋಮೀಟರ್. ಗಾಳಿ ಹಾಕಿಸ್ಲಿಕ್ಕೆ ಹೈವೇ ಹಿಡಿದು ಕುಂದಾಪುರ ದಾಟಿ ಬೈಂದೂರು ದಾಟಿ ಹೋಗಿ ಬರುದು ಅಂದ್ರೆ ಮನೆಯಲ್ಲಿ ಎಂತ ಹೇಳುದು? ಹಾಗಾಗಿ ಹ್ಯಾಂಡ್ ಪಂಪ್.

ಈ ಪಂಪ್ ನೂರು ಬಾರ್ ತನಕ ನೆಂಟರ ಹಾಗೆ ನಗ್ತಾ ಒಳಗೆ ಬರ್ತದೆ. ನೂರೈವತ್ತು ದಾಟಿದ ಮೇಲೆ ಮೈಭಾರ ಪೂರ್ತಿ ಬಿಟ್ರೂ ಹಿಡಿ ಇಳಿಯುದಿಲ್ಲ. ನಡುವೆ ನಿಲ್ಲಿಸಿ ಪಂಪ್ ತಣಿಯಲಿಕ್ಕೆ ಬಿಡ್ಬೇಕು, ಇಲ್ಲದಿದ್ರೆ ಒಳಗಿನ ಸೀಲ್ ಸುಡ್ತದೆ. ಅದರ ಮೇಲೆ ನಮ್ಮ ಊರಿನ ಗಾಳಿ! ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಹೊಯ್ಯುವ ಊರಲ್ಲಿ, ಅದೂ ಆಟಿ ತಿಂಗಳಲ್ಲಿ, ಗಾಳಿ ಅಂದ್ರೆ ಅರ್ಧ ನೀರೇ. ಅದನ್ನು ಒತ್ತಿ ಒತ್ತಿ ಇಟ್ರೆ ಒಳಗಿನ ತೇವ ನೀರಾಗಿ ಇಳೀತದೆ, ಕೊಳವೆಗೆ ತುಕ್ಕು. ಅದಕ್ಕೆ ಪಂಪಿನ ಬಾಯಿಗೆ ಸಿಲಿಕಾ ಜೆಲ್ ಹಾಕಿದ ಫಿಲ್ಟರ್ ಇಡುದು. ನೀಲಿ ಹರಳು, ತೇವ ಕುಡಿದ್ರೆ ಗುಲಾಬಿ ಬಣ್ಣ ಆಗ್ತದೆ ಅಂತ ಬರ್ದಿದ್ರು. ನಮ್ಮಲ್ಲಿ ಪ್ಯಾಕೆಟ್ ಕತ್ತರಿಸಿ ಫಿಲ್ಟರಿಗೆ ಸುರಿಯುವಷ್ಟರಲ್ಲೇ ಗುಲಾಬಿ ಆಗ್ಲಿಕ್ಕೆ ಶುರು. ಅದನ್ನು ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡ್ಲಿಕ್ಕೆ ಹೋದ್ರೆ ಅಮ್ಮ "ಸಾಬಕ್ಕಿಯಾ?" ಅಂತ ಕೇಳಿ, ಅಲ್ಲ ಅಂತ ಗೊತ್ತಾದ ಮೇಲೆ ಬಾಣಲೆಯನ್ನೇ ನನಗೆ ಬರೆದು ಕೊಟ್ಟಿದ್ದಾರೆ.

ಇದೆಲ್ಲ ಸಹಿಸಬಹುದಿತ್ತು. ದೊಡ್ಡಪ್ಪ ಒಬ್ರು ಇಲ್ಲದಿದ್ರೆ.

ನಾನು ಹೊಡೆಯುವ ಜಾಗ ನಮ್ಮ ಹಳೆ ಹಟ್ಟಿ. ದನ ಇಲ್ಲದೆ ವರ್ಷಗಟ್ಟಲೆ ಆಯ್ತು, ಉದ್ದಕ್ಕೆ ಹತ್ತು ಮೀಟರಿಗಿಂತ ಒಂಚೂರು ಜಾಸ್ತಿಯೇ ಉಂಟು, ಆಚೆ ಕೊನೆಗೆ ದಪ್ಪ ಕೆಂಪುಕಲ್ಲಿನ ಗೋಡೆ, ಬೇರೆ ಬಾಗಿಲು ಇಲ್ಲ. ಗೋಡೆಗೆ ಒರಗಿಸಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಹಳೆ ಪೇಪರ್ ಒತ್ತೊತ್ತಾಗಿ ತುಂಬಿಸಿ, ಮುಂದೆ ಟಾರ್ಗೆಟ್ ಕಾರ್ಡ್. ದೊಡ್ಡಪ್ಪನ ಮನೆ ತೋಟದ ಆಚೆ ಬದಿ. ಪಂಪಿನ ಸುಯ್ ಸುಯ್ ಶಬ್ದ ಅವರಿಗೆ ಹೇಗೆ ಕೇಳ್ತದೋ ದೇವರಿಗೇ ಗೊತ್ತು, ಊಟಕ್ಕೆ ಕರೆದ್ರೆ ಮಾತ್ರ ಕೇಳುದಿಲ್ಲ. ಕೊಡೆ ಹಿಡ್ಕೊಂಡು ಬಂದು, ಕೊಡೆ ಮಡಚಿ ಕಂಬಕ್ಕೆ ನೇತು ಹಾಕಿ, ಮೊದಲ ಮಾತು:

"ಗಾಳಿ ಎಷ್ಟುಂಟು?"

ಈಗ ಈ ಗನ್ ಮಾಡಿದ ಪುಣ್ಯಾತ್ಮ ಪ್ರೆಶರ್ ಗೇಜನ್ನು ಎಲ್ಲಿ ಇಟ್ಟಿದ್ದಾನೆ ಅಂತ ಹೇಳ್ಬೇಕು. ಗಾಳಿಯ ಕೊಳವೆ ನಳಿಗೆಯ ಅಡಿಯಲ್ಲಿ ಉದ್ದಕ್ಕೆ ಹೋಗ್ತದೆ, ಅದರ ತುದಿಯಲ್ಲಿ, ಸರೀ ನಳಿಗೆಯ ಬಾಯಿಯ ಕೆಳಗೆ, ಮುಂದಕ್ಕೆ ಮುಖ ಮಾಡಿ ಒಂದು ರೂಪಾಯಿ ಅಗಲದ ಗೇಜ್. ಅಂದ್ರೆ ಗಾಳಿ ಎಷ್ಟುಂಟು ಅಂತ ನೋಡ್ಬೇಕಾದ್ರೆ ಗನ್ನಿನ ಎದುರು ಹೋಗಿ ನಿಂತು ಬಗ್ಗಿ ನೋಡ್ಬೇಕು. ಇದೊಂದೇ ಕಂಪನಿ ಅಲ್ಲ, ಸುಮಾರು ಪಿಸಿಪಿಗಳಲ್ಲಿ ಹೀಗೇ. ಎಂತ ತಲೆ ಇವರದ್ದು!

ದೊಡ್ಡಪ್ಪ ನೇರ ಅಲ್ಲಿಗೇ ಹೋಗುದು. ಕನ್ನಡಕ ಹಣೆಗೆ ಏರಿಸಿ, ನಳಿಗೆಯ ಎದುರು ಮುಖ ತಂದು, ತೋರು ಬೆರಳಿನ ಉಗುರಿನಿಂದ ಗೇಜಿನ ಗಾಜಿಗೆ ಟಕ್ ಟಕ್ ಟಕ್. ಮುಳ್ಳು ಒಂಚೂರು ನಡುಗಿದ್ರೆ ಅವರಿಗೆ ಸಮಾಧಾನ. ಅವರ ಹಣೆ, ಆ ಹಣೆಯ ಮೇಲಿನ ನಾಮ, ನಾಮದ ಎದುರು ನಳಿಗೆ. ನೋಡಿ ನನ್ನ ಜೀವ ಬಾಯಿಗೆ ಬರ್ತದೆ.

ಹಾಗಾಗಿ ಅವರ ಕೊಡೆ ತೋಟದಲ್ಲಿ ಕಂಡ ಕೂಡ್ಲೇ ನಾನು ಗನ್ ಖಾಲಿ ಮಾಡ್ಬೇಕು. ಒಮ್ಮೆ ಬೋಲ್ಟ್ ತಳ್ಳಿ ನಳಿಗೆಯೊಳಗೆ ಸೇರಿಸಿದ ಮೇಲೆ ಪೆಲೆಟ್ ವಾಪಸ್ ಬರುದಿಲ್ಲ, ಹೊಡೆದೇ ಖಾಲಿ ಮಾಡುದು ಸುಲಭ. ಐದೈದು ಹೊಡೆತದ ಗುಂಪು ಮಾಡಿ ಯಾವ ಪೆಲೆಟ್ ಇದಕ್ಕೆ ಒಗ್ತದೆ ಅಂತ ನೋಡ್ತಾ ಇರುವಾಗ, ನಾಲ್ಕು ತೂತು ಒಂದರ ಮೇಲೊಂದು ಚಂದ ಬಿದ್ದಿರ್ತದೆ, ಐದನೆಯದ್ದು ಗಡಿಬಿಡಿಯಲ್ಲಿ ಹೊಡೆದು ಎಲ್ಲಿಗೋ ಹೋಗಿರ್ತದೆ. ನನ್ನ ಟಾರ್ಗೆಟ್ ಕಾರ್ಡುಗಳಲ್ಲಿ ದೂರ ಬಿದ್ದ ತೂತುಗಳೆಲ್ಲ ದೊಡ್ಡಪ್ಪ ಬಂದ ಹೊತ್ತಿನ ದಾಖಲೆ.

"ದೊಡ್ಡಪ್ಪ, ಎದುರಿಗೆ ಹೋಗ್ಬೇಡಿ ಅಂತ ಎಷ್ಟು ಸಲ ಹೇಳುದು?"

"ಖಾಲಿ ಉಂಟಲ್ಲ?"

"ಖಾಲಿ ಇದ್ರೂ ಕೋವಿಯ ಬಾಯಿಗೆ ಮುಖ ಕೊಡ್ಬಾರ್ದು ಅಂತ ನನಗೆ ಕಲಿಸಿದ್ದು ನೀವೇ."

"ಅದು ಕೋವಿ ಮಾರಾಯ. ಇದಕ್ಕೆ ಮದ್ದುಂಟಾ? ತೋಟೆ ಉಂಟಾ? ಇದು ಗಾಳಿ. ಎಷ್ಟುಂಟು ನೋಡು, 185. ನಿನ್ನೆ 200 ಇತ್ತು ಅಂದಿದ್ದೆ."

ಅದಕ್ಕೆ ನಾನು ವಿಜ್ಞಾನ ಹೇಳ್ತೇನೆ, ಪಂಪ್ ಮಾಡುವಾಗ ಗಾಳಿ ಬಿಸಿ ಆಗ್ತದೆ ದೊಡ್ಡಪ್ಪ, ತಣಿದ ಮೇಲೆ ಮುಳ್ಳು ಸ್ವಲ್ಪ ಇಳಿಯುದು ಸಹಜ. ಅವರು ಹೂಂ ಅಂತಾರೆ, ಟಕ್ ಟಕ್ ಅಂತಾರೆ. ಮರುದಿನ 170. ಟಕ್ ಟಕ್. "ಇವತ್ತೂ ತಣೀತಾ ಉಂಟಾ?" ಅಂತ ಕೇಳ್ತಾರೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್ ಒಲಿಂಪಿಕ್ಕಲ್ಲಿ ಚಿನ್ನ ಗೆದ್ದದ್ದು ಹತ್ತು ಮೀಟರ್ ಏರ್ ರೈಫಲಲ್ಲೇ ಅಂತ ನಾನೇ ಒಮ್ಮೆ ಅವರಿಗೆ ಹೇಳಿದ್ದು, ಈಗ ಅದನ್ನೇ ನನಗೆ ತಿರುಗಿಸುದು: "ಕೊನೆಯ ಹೊಡೆತ 10.8 ಅಂತಲ್ಲ ಅವನದ್ದು, ಅವನ ಗನ್ ರಾತ್ರಿ ಬೆಳಗಾಗುವಾಗ ಖಾಲಿ ಆಗ್ತಿತ್ತಾ?"

ಎಂತ ಉತ್ತರ ಕೊಡ್ತೀರಿ ಇದಕ್ಕೆ.

ನಡುವೆ ಟ್ಯೂನಿಂಗ್ ಬೇರೆ. ನನ್ನದು ರೆಗ್ಯುಲೇಟರ್, ಅಂದ್ರೆ ವಾಲ್ವಿಗೆ ಹೋಗುವ ಒತ್ತಡವನ್ನು ಒಂದೇ ಮಟ್ಟದಲ್ಲಿ ಇಡುವ ಭಾಗ, ಇಲ್ಲದ ಮಾಡೆಲ್. ಗಾಳಿ ಜಾಸ್ತಿ ಇದ್ರೆ ಪೆಲೆಟ್ ಜೋರು ಹೋಗ್ತದೆ ಅಂತ ಎಲ್ರೂ ತಿಳ್ಕೊಳ್ಳುದು, ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ನೋಡಿದ್ರೆ ಕಥೆಯೇ ಬೇರೆ. 200 ಬಾರಲ್ಲಿ ಒಳಗಿನ ಒತ್ತಡ ವಾಲ್ವನ್ನು ಎಷ್ಟು ಗಟ್ಟಿ ಮುಚ್ಚಿ ಹಿಡಿದಿರ್ತದೆ ಅಂದ್ರೆ ಹ್ಯಾಮರ್ ಬಡಿದ್ರೂ ಅದು ಸರಿ ತೆರೆಯುದಿಲ್ಲ, ಪೆಲೆಟ್ ನಿಧಾನ. ಒತ್ತಡ ಇಳೀತಾ ಬಂದ ಹಾಗೆ ವೇಗ ಏರ್ತದೆ, ನಡುವೆ ಒಂದಷ್ಟು ಹೊಡೆತ ಒಂದೇ ಮಟ್ಟದಲ್ಲಿ ಹೋಗ್ತದೆ, ಮತ್ತೆ ಗಾಳಿ ಸಾಲದೆ ಇಳೀತದೆ. ನಮಗೆ ಬೇಕಾದ್ದು ಆ ನಡುವಿನ ಸಮತಟ್ಟು. ಹಿಂದಿನ ಸ್ಕ್ರೂಗೆ ಅಲೆನ್ ಕೀ ಹಾಕಿ ಹ್ಯಾಮರ್ ಸ್ಪ್ರಿಂಗನ್ನು ಕಾಲು ಸುತ್ತು ಬಿಗಿ ಮಾಡು, ಹೊಡಿ, ಬರಿ, ಕಾಲು ಸುತ್ತು ಸಡಿಲ ಮಾಡು, ಹೊಡಿ, ಬರಿ. ಮತ್ತೆ ಪಂಪ್. ಕೊನೆಗೆ ನನಗೆ ಸಿಕ್ಕ ಲೆಕ್ಕ, 180ರಿಂದ ಶುರು ಮಾಡಿ 130ಕ್ಕೆ ನಿಲ್ಲಿಸ್ಬೇಕು, ಮೇಲಿನ 20 ಬಾರ್ ತುಂಬಿಸುದೇ ದಂಡ. ಇಷ್ಟು ದಿನ ಭುಜ ಕಳ್ಕೊಂಡದ್ದು ಆ 20 ಬಾರಿಗೇ ಅಲ್ವಾ ಅಂತ ನೆನೆಸಿದ್ರೆ ಹೊಟ್ಟೆ ಉರೀತದೆ.

ಸ್ಕೋಪ್, ಅಂದ್ರೆ ಗುರಿ ನೋಡುವ ದುರ್ಬೀನು, ಅದರ ಕಥೆ ಚಿಕ್ಕದ್ರಲ್ಲಿ ಮುಗಿಸ್ತೇನೆ. ಒಂದು ಕ್ಲಿಕ್ ತಿರುಗಿಸಿದ್ರೆ ನೂರು ಗಜದಲ್ಲಿ ಗುರಿ ಕಾಲು ಇಂಚು ಸರೀತದೆ ಅಂತ ಅದರ ಮೇಲೆ ಬರ್ದಿದೆ, ಚಂದ. ಹತ್ತು ಮೀಟರಲ್ಲಿ ಅದು ಮುಕ್ಕಾಲು ಮಿಲಿಮೀಟರೂ ಇಲ್ಲ. ಪೆಲೆಟ್ ಮೂರು ಸೆಂಟಿಮೀಟರ್ ಕೆಳಗೆ ಬೀಳ್ತಿದ್ರೆ ನಲವತ್ತು ಚಿಲ್ರೆ ಕ್ಲಿಕ್ ತಿರುಗಿಸ್ತಾ ಕೂತ್ಕೊಳ್ಬೇಕು. ಒಲಿಂಪಿಕ್ಕಿನವರ ಕಾರ್ಡಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್, ಅವರು ಅದನ್ನು ಸ್ಕೋಪೇ ಇಲ್ಲದೆ ಹೊಡೀತಾರೆ. ಆ ವಿಷಯ ಮಾತಾಡದೆ ಇರುದೇ ಒಳ್ಳೆದು.

ಊರವರದ್ದು ಬೇರೆಯೇ ಆಸೆ. ಗನ್ ಬಂದ ಸುದ್ದಿ ಹೋದ ಕೂಡ್ಲೇ ತೋಟ ಇದ್ದವರೆಲ್ಲ ಫೋನ್, "ಮಂಗನ ಉಪದ್ರ, ಬೊಂಡ ಒಂದೂ ಉಳೀತಾ ಇಲ್ಲ, ಒಮ್ಮೆ ಬನ್ನಿ ಮಾರಾಯ್ರೆ." 1972ರ ವನ್ಯಜೀವಿ ಕಾಯ್ದೆ ಉಂಟು, ಮಂಗನಿಗೆ ಹೊಡೆದ್ರೆ ನಾನು ಒಳಗೆ ಹೋಗುದು, ಕಾಗದಕ್ಕೆ ಮಾತ್ರ ಹೊಡೆಯುದು ಅಂದ್ರೆ ಆಚೆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ಕಾಗದಕ್ಕಾ?" ಅಂತ ಕೇಳಿ ಇಟ್ಟುಬಿಡ್ತಾರೆ. ಅವರಿಗೆ ಗರ್ನಾಲ್ ಪಟಾಕಿಯೇ ಗತಿ.

ದೊಡ್ಡಪ್ಪನಿಗೂ ಲೈಸೆನ್ಸಿನ ತೋಟೆ ಕೋವಿ ಇತ್ತು, ಬೆಳೆ ಕಾಯ್ಲಿಕ್ಕೆ ಅಂತ. ಎಲೆಕ್ಷನ್ ಬಂದಾಗಲೆಲ್ಲ ಗೋಣಿಯಲ್ಲಿ ಸುತ್ತಿ ಸ್ಟೇಷನಿಗೆ ಕೊಂಡೋಗಿ ಇಟ್ಟು ರಸೀದಿ ತರುದು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರುದು. 2023ರಲ್ಲಿ ವಿಧಾನಸಭೆಗೆ ಒಮ್ಮೆ, 2024ರಲ್ಲಿ ಲೋಕಸಭೆಗೆ ಇನ್ನೊಮ್ಮೆ. ಆ ಎರಡನೆಯ ಸಲ ಬಸ್ಸಿಳಿದು ನಡೆಯುವಾಗ ಮೊಣಕಾಲು ಕೈಕೊಟ್ಟಿತು, ಮಕ್ಕಳು ಬೆಂಗಳೂರಲ್ಲಿ, ಲೈಸೆನ್ಸ್ ರಿನ್ಯೂವಲಿಗೆ ಓಡಾಡುವವರಿಲ್ಲ, ಕೊಟ್ಟೇಬಿಟ್ರು. ಅವರ ಚಾವಡಿಯ ಗೋಡೆಯಲ್ಲಿ ಕೋವಿ ನೇತು ಹಾಕ್ತಿದ್ದ ಎರಡು ಮರದ ಗೂಟ ಈಗಲೂ ಉಂಟು, ಒಂದರಲ್ಲಿ ಟಾರ್ಚ್, ಇನ್ನೊಂದರಲ್ಲಿ ಮೆಡಿಕಲಿನ ಪ್ಲಾಸ್ಟಿಕ್ ಚೀಲ. ಕೋವಿಗೆ ಎಣ್ಣೆ ಹಾಕುದು ಅವರ ಭಾನುವಾರದ ಕೆಲಸ ಆಗಿತ್ತು. ನಾನು ಸಣ್ಣವನಿದ್ದಾಗ ಬಟ್ಟೆ ಹರಿದು ಕೊಡುವ ಕೆಲಸ ನನಗೆ. ಇದು ನೆನಪಾದ ದಿನ ನಾನು ಟಕ್ ಟಕ್ ಗೆ ಬೈಯುದಿಲ್ಲ. ಮರುದಿನ ಬೈತೇನೆ.

ಅಂತೂ ಗಾಳಿ ಸೋರ್ತಾ ಉಂಟು ಅಂತ ಒಪ್ಪಿಕೊಳ್ಳದೆ ಬೇರೆ ದಾರಿ ಇರ್ಲಿಲ್ಲ. ಪಾತ್ರೆ ತೊಳೆಯುವ ಸೋಪನ್ನು ನೀರಲ್ಲಿ ಕಲಸಿ ಬ್ರಶ್ಶಲ್ಲಿ ಹಚ್ಚುತ್ತಾ ಬಂದೆ. ಗಾಳಿ ತುಂಬಿಸುವ ವಾಲ್ವ್, ಏನೂ ಇಲ್ಲ. ಕೊಳವೆಯ ಬುಡ, ಇಲ್ಲ. ಕೊನೆಗೆ ಗೇಜಿನ ಬುಡಕ್ಕೆ ಹಚ್ಚಿದ್ರೆ ಸಾಸಿವೆಯಷ್ಟು ಒಂದು ಗುಳ್ಳೆ ಎದ್ದಿತು, ಊದಿತು, ಒಡೆಯಿತು, ಮತ್ತೊಂದು ಎದ್ದಿತು.

"ನಾನು ಹೇಳ್ಲಿಲ್ವಾ?" ಅಂದ್ರು ದೊಡ್ಡಪ್ಪ.

"ನೀವೆಲ್ಲಿ ಹೇಳಿದ್ದು?"

"ಮತ್ತೆ ದಿನಾ ಬಂದು ಅಲ್ಲಿಗೇ ಬಡೀತಾ ಇದ್ದದ್ದು ಎಂತಕ್ಕೆ? ತೋರಿಸ್ತಾ ಇದ್ದದ್ದು ನಿನಗೆ."

ಬಡಿದೂ ಬಡಿದೂ ಸಡಿಲ ಆದದ್ದೇ ಅದು ಅಂತ ಬಾಯಿಯ ತುದಿಗೆ ಬಂದಿತ್ತು, ನುಂಗಿದೆ.

ಗಾಳಿ ಪೂರ್ತಿ ಬಿಟ್ಟು, ಎರಡೆರಡು ಸಲ ಖಾಲಿ ಅಂತ ನೋಡಿ ಗೇಜ್ ಬಿಚ್ಚಿದೆ. ಒಳಗಿನ ಓ-ರಿಂಗ್, ಗಾಳಿ ಸೋರದ ಹಾಗೆ ತಡೆಯುವ ರಬ್ಬರ್ ಬಳೆ, ಒಂದು ಬದಿ ಕಚ್ಚಿ ತಿಂದ ಹಾಗೆ ಆಗಿತ್ತು. ಹೊಸತು ಹುಡುಕಿ ಮಲ್ಪೆ ಬಂದರಿನ ಬೋಟ್ ಸ್ಪೇರ್ ಅಂಗಡಿಗೆ ಹೋದೆ. ಅಂಗಡಿಯವರು ಹಳೆಯ ರಿಂಗನ್ನು ಬೆರಳ ತುದಿಯಲ್ಲಿ ಇಟ್ಕೊಂಡು "ಯಾವ ಬೋಟಿಗೆ?" ಅಂತ ಕೇಳಿದ್ರು. ಬೋಟಿಗಲ್ಲ, 200 ಬಾರ್ ತಡೀಬೇಕು, ಗಟ್ಟಿತನ 70ರ ಸಾದಾ ರಬ್ಬರ್ ಬೇಡ, 90ರ ಗಟ್ಟಿಯದ್ದು ಕೊಡಿ ಅಂದೆ. ಅವರ ಮುಖದಲ್ಲಿ ಒಮ್ಮೆಲೇ ಮರ್ಯಾದೆ ಬಂತು. "ದೊಡ್ಡ ಬೋಟಾ?"

ಹೊಸ ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದೆ. 180ಕ್ಕೆ ತುಂಬಿಸಿದೆ. ಮರುದಿನ ಬೆಳಿಗ್ಗೆ 180. ಸಂಜೆಯೂ 180. ನನಗೆ ಕುಣಿಯುವಷ್ಟು ಖುಷಿ, ಭುಜ ಬಿಡ್ಲಿಲ್ಲ ಅಷ್ಟೆ.

ದೊಡ್ಡಪ್ಪ ಬಂದ್ರು, ಕೊಡೆ ನೇತು ಹಾಕಿದ್ರು, ಕನ್ನಡಕ ಏರಿಸಿದ್ರು. ಟಕ್ ಟಕ್. ಮುಳ್ಳು ನಡುಗಲಿಲ್ಲ. ಇನ್ನೊಂದು ಬದಿಯಿಂದ ಟಕ್ ಟಕ್. ಇಲ್ಲ. ಮರುದಿನ ಮತ್ತೆ ಬಂದ್ರು, 180. ಅದರ ಮರುದಿನವೂ ಅಷ್ಟೇ. ಇವತ್ತು ಬೆಳಿಗ್ಗೆ ನಾನು ತಲೆ ಬಗ್ಗಿಸಿ ಹಲ್ಲುಜ್ಜಿ ಬರುವಷ್ಟರಲ್ಲಿ ಅಮ್ಮನ ಹತ್ರ ಜಗಲಿಯಲ್ಲಿ ಕೂತು ಚಾ ಕುಡೀತಾ ಹೇಳ್ತಾ ಇದ್ರು:

"ಇವ ರಿಪೇರಿ ಮಾಡ್ತೇನೆ ಅಂತ ಹೋಗಿ ಇದ್ದ ಮುಳ್ಳನ್ನೂ ಹಾಳು ಮಾಡಿದ. ಮೊದಲು ದಿನಾ ಕರೆಕ್ಟ್ ತೋರಿಸ್ತಿತ್ತು."