ಬೆಲೆ ಇಳಿದಿಲ್ಲ, ಆಫರ್ ಬಂದಿದೆ ಅಷ್ಟೇ

ಬೆಂಗಳೂರಿನಲ್ಲಿ ಟೊಮೆಟೊ ಬೆಲೆ ಇಳಿಯುತ್ತದೆ, ಷೇರು ಇಳಿಯುತ್ತದೆ, ಬೋರ್‌ವೆಲ್ ನೀರು ಇಳಿಯುತ್ತದೆ, ಅಪ್ರೈಸಲ್ ಹೊತ್ತಿಗೆ ಮ್ಯಾನೇಜರ್ ದನಿಯೂ ಇಳಿಯುತ್ತದೆ. ಫ್ಲ್ಯಾಟಿನ ರೇಟು ಮಾತ್ರ ಇಳಿಯುವ ಪೈಕಿಯಲ್ಲ. ಐಟಿ ಕಂಪನಿಗಳು ಜನರನ್ನು ಸಾಲುಸಾಲಾಗಿ ಮನೆಗೆ ಕಳಿಸುತ್ತಿರಲಿ (ಆ ಮನೆ ಇನ್ನೂ ಆರನೇ ಮಹಡಿಯ ಸ್ಲ್ಯಾಬಿನಲ್ಲೇ ನಿಂತಿದೆ, ಅದು ಬೇರೆ ವಿಷಯ), ಸರ್ಜಾಪುರ ರಸ್ತೆಯ ಸೇಲ್ಸ್ ಆಫೀಸಿನಲ್ಲಿ ಎಸಿ ತಣ್ಣಗೇ ಇರುತ್ತದೆ, ಕಾಫಿ ಬಿಟ್ಟಿಯೇ ಇರುತ್ತದೆ, ಟೈ ಕಟ್ಟಿದ ಹುಡುಗನ ಮಾತೂ ಅದೇ ಇರುತ್ತದೆ: "ಸರ್, ರೇಟಲ್ಲಿ ಒಂದ್ರೂಪಾಯಿ ಕಮ್ಮಿ ಆಗಲ್ಲ. ಆದ್ರೆ ನಿಮಗೇ ಅಂತ ಒಂದು ಆಫರ್ ಇದೆ. ಈ ಭಾನುವಾರದವರೆಗೆ ಮಾತ್ರ."

ಆ ಭಾನುವಾರ ಎಷ್ಟು ತಿಂಗಳಾದರೂ ಮುಗಿಯುವುದಿಲ್ಲ.

ಆಫರ್ ನೋಡುವ ಮೊದಲು ಕಾಸ್ಟ್ ಶೀಟ್ ನೋಡಿ. 1,500 ಚದರಡಿ, ಚದರಡಿಗೆ 8,000, ಒಟ್ಟು 1 ಕೋಟಿ 20 ಲಕ್ಷ. ಈ 1,500 ಎಂಬುದು ಸೂಪರ್ ಬಿಲ್ಟ್ ಅಪ್. ಲಿಫ್ಟಿನ ಗುಂಡಿ, ಮೆಟ್ಟಿಲು, ಕಾರಿಡಾರು, ವರ್ಷಕ್ಕೆರಡು ಸಲ ಇಣುಕಿ ನೋಡುವ ಕ್ಲಬ್‌ಹೌಸು ಎಲ್ಲದರ ಪಾಲೂ ಇದರಲ್ಲಿದೆ. ಒಳಗೆ ಕಾಲಿಟ್ಟು ಟೇಪು ಹಿಡಿದರೆ ಸಿಗುವ ಕಾರ್ಪೆಟ್ ಏರಿಯಾ 1,020ರ ಆಸುಪಾಸು. ಹೊರಗೋಡೆ, ಬಾಲ್ಕನಿ ಇದರಲ್ಲಿ ಸೇರುವುದಿಲ್ಲ. ಅಂದರೆ ನಿಜವಾದ ರೇಟು ಚದರಡಿಗೆ ಹೆಚ್ಚುಕಮ್ಮಿ 11,765. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾನೂನು, ಮಾರಾಟದ ಲೆಕ್ಕವನ್ನು ಕಾರ್ಪೆಟ್ ಏರಿಯಾಕ್ಕೆ ಕಟ್ಟಿದೆ. ಅಗ್ರಿಮೆಂಟಿನ ಅನುಬಂಧದಲ್ಲಿ ಕಾರ್ಪೆಟ್ ಏರಿಯಾ ನಿಯತ್ತಾಗಿ ಇರುತ್ತದೆ, ಬಾಯಲ್ಲಿ ಮಾತ್ರ ಸೂಪರ್ ಬಿಲ್ಟ್ ಅಪ್ ಓಡಾಡುತ್ತದೆ.

ಈಗ ಆಫರ್. ಹತ್ತು ಗ್ರಾಂ ಚಿನ್ನದ ನಾಣ್ಯ, 'ಐದು ಲಕ್ಷ ಮೌಲ್ಯದ' ಮಾಡ್ಯುಲರ್ ಕಿಚನ್, ಫ್ಲೋರ್ ರೈಸ್ (ಮೇಲಿನ ಮಹಡಿಗೆ ಕೇಳುವ ಹೆಚ್ಚುವರಿ ದರ) ಮಾಫಿ, ಓಪನ್ ಕಾರ್ ಪಾರ್ಕಿಂಗ್ ಉಚಿತ. ಓಪನ್ ಪಾರ್ಕಿಂಗ್ ಜಾಗ ರೇರಾ ಪ್ರಕಾರ ಸಾಮಾನ್ಯ ಪ್ರದೇಶ, ಮಾರುವ ಹಕ್ಕು ಬಿಲ್ಡರ್‌ಗೆ ಇಲ್ಲವೇ ಇಲ್ಲ. ಆದ್ದರಿಂದ ಅದನ್ನು ಉಚಿತವಾಗಿ ಕೊಡುವುದು ನಿಜಕ್ಕೂ ದೊಡ್ಡ ಮನಸ್ಸು. ಕಿಚನ್ ವಿಷಯಕ್ಕೆ ಬಂದರೆ, ಬ್ರೋಶರಿನಲ್ಲಿ ಬಣ್ಣದ ಹೆಸರಿರುತ್ತದೆ, ಬೋರ್ಡಿನ ಗ್ರೇಡು ಇರುವುದಿಲ್ಲ. ಸಿಂಕಿನ ಕೆಳಗೆ ನೀರು ತಾಳುವ ಐಎಸ್ 710 ಪ್ಲೈವುಡ್ ಹಾಕುತ್ತೇವೆಂದು ಬರೆದುಕೊಡಿ ಎಂದು ಕೇಳಿ ನೋಡಿ, ಹುಡುಗ ನೀರು ತರಲು ಎದ್ದು ಹೋಗುತ್ತಾನೆ. ಹಾಕುವುದು ಪಾರ್ಟಿಕಲ್ ಬೋರ್ಡು. ವೇಸ್ಟ್ ಪೈಪಿನ ಜಾಯಿಂಟು ಒಂದು ವಾರ ತೊಟ್ಟಿಕ್ಕಿದರೆ ಸಾಕು, ಉಬ್ಬಿ ಬಾಗಿಲು ಮುಚ್ಚದಂತಾಗುತ್ತದೆ.

"ಐದು ಲಕ್ಷದ ಕಿಚನ್ ಬೇಡಪ್ಪಾ, ರೇಟಲ್ಲೇ ಐದು ಲಕ್ಷ ಇಳಿಸು" ಎಂದು ಕೇಳಿದರೆ? ಲೆಕ್ಕ ಹೀಗಿದೆ. ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಶೇ. 5. ಬೆಂಗಳೂರಿನಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಒಟ್ಟು 12.6. ಐದು ಲಕ್ಷಕ್ಕೆ 63,000 ರೂಪಾಯಿ. ಬೆಲೆಯಲ್ಲಿ ಇಳಿಸಿದರೆ, ಮಾರ್ಗಸೂಚಿ ದರ (ಮುದ್ರಾಂಕ ಶುಲ್ಕಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ) ಅಡ್ಡ ಬಾರದಿದ್ದಲ್ಲಿ, ಇಷ್ಟು ಉಳಿಯುತ್ತದೆ. ಕಿಚನ್ ಆಗಿ ಪಡೆದರೆ, ಉಬ್ಬಲಿರುವ ಬೋರ್ಡಿಗೂ ಸೇರಿಸಿ ತೆರಿಗೆ ಕಟ್ಟಿದ ಹಾಗಾಯಿತು.

ಆದರೂ ಬಿಲ್ಡರ್ ಇಳಿಸುವುದಿಲ್ಲ. ಪಾಪ, ಅವನಿಗೂ ಕಾರಣಗಳಿವೆ. ಕಾಗದದ ಮೇಲೆ 8,000 ಇದ್ದದ್ದು 7,000 ಆಯಿತೋ, ಮೊದಲೇ ಬುಕ್ ಮಾಡಿದವರ ವಾಟ್ಸಾಪ್ ಗುಂಪು ಮರುದಿನ ಬೆಳಗ್ಗೆ ಗೇಟಿನ ಮುಂದೆ ಸೇರುತ್ತದೆ. ಮಾರಾಟವಾಗದ ಫ್ಲ್ಯಾಟುಗಳನ್ನೇ ಅಡವಿಟ್ಟು ಕಟ್ಟಡಕ್ಕೆ ಸಾಲ ಎತ್ತಿರುತ್ತಾನೆ, ಅವುಗಳ ಬೆಲೆ ಕುಸಿದರೆ ಸಾಲ ಕೊಟ್ಟವರು ಇನ್ನಷ್ಟು ಅಡಮಾನ ಕೇಳುತ್ತಾರೆ. ಖರೀದಿದಾರನ ಬ್ಯಾಂಕಿಗೂ ಇಳಿಕೆ ಹಿಡಿಸದು. 75 ಲಕ್ಷ ಮೀರಿದ ಗೃಹಸಾಲಕ್ಕೆ ಮನೆ ಬೆಲೆಯ ಶೇ. 75ರವರೆಗೆ ಮಾತ್ರ ಎಂಬುದು ರಿಸರ್ವ್ ಬ್ಯಾಂಕ್ ನಿಯಮ. 1.2 ಕೋಟಿಗೆ 90 ಲಕ್ಷ ಕೊಟ್ಟ ಬ್ಯಾಂಕಿಗೆ ಪಕ್ಕದ ಫ್ಲ್ಯಾಟು 95 ಲಕ್ಷಕ್ಕೆ ಹೋದದ್ದು ದಾಖಲೆಯಲ್ಲಿ ಬೀಳುವುದು ಬೇಕಿಲ್ಲ. ಹೀಗಾಗಿ ಎಲ್ಲರೂ ಸೇರಿ ಬೆಲೆಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಹೊತ್ತು ನಿಂತಿದ್ದಾರೆ. ಯಾರೊಬ್ಬರು ಹೆಗಲು ಬದಲಿಸಿದರೂ ಕಷ್ಟ.

ಇಷ್ಟಾಗಿಯೂ ಕೆಲಸ ಕಳೆದುಕೊಂಡ ಒಬ್ಬ ಮಾಲೀಕ ತನ್ನ ಫ್ಲ್ಯಾಟನ್ನು ಅಗ್ಗಕ್ಕೇ ಮಾರಲು ಹೊರಟ ಎನ್ನಿ. ಆಗ ಕಾನೂನು ಎದ್ದು ಬರುತ್ತದೆ. ಮಾರ್ಗಸೂಚಿ ದರ ಬಹಳ ಕಡೆ ಮಾರುಕಟ್ಟೆಗಿಂತ ಕೆಳಗೇ ಇರುತ್ತದೆ, ನಿಜ. ಆದರೆ 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಏರಿದ ಮೇಲೆ, ಅವಸರಕ್ಕೆ ಮಾರುವವನ ಬೆಲೆಯನ್ನು ಅದು ಅಲ್ಲಲ್ಲಿ ದಾಟಿ ಹೋಗುತ್ತದೆ. ಮಾರ್ಗಸೂಚಿ ಪ್ರಕಾರ 1.2 ಕೋಟಿ, ಕೈಗೆ ಬಂದದ್ದು 1 ಕೋಟಿ ಎಂದಿಟ್ಟುಕೊಳ್ಳಿ. ಮುದ್ರಾಂಕ ಮತ್ತು ನೋಂದಣಿ 1.2 ಕೋಟಿಯ ಮೇಲೆಯೇ: 9 ಲಕ್ಷ 12 ಸಾವಿರ. ಅಷ್ಟಕ್ಕೇ ಮುಗಿಯಲಿಲ್ಲ. ವ್ಯತ್ಯಾಸ ಶೇ. 10 ಮೀರಿದ್ದರಿಂದ ಆ 20 ಲಕ್ಷ ಆದಾಯ ತೆರಿಗೆಯ ಲೆಕ್ಕದಲ್ಲಿ ಕೊಂಡವನ 'ಇತರ ಆದಾಯ'. ಶೇ. 30ರ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ 6 ಲಕ್ಷ 24 ಸಾವಿರ ತೆರಿಗೆ. ಮಾರಿದವನಿಗೂ ಬಿಡುಗಡೆಯಿಲ್ಲ, 1.2 ಕೋಟಿ ಪಡೆದೆ ಎಂದೇ ಅವನ ಲಾಭದ ಲೆಕ್ಕ ನಡೆಯುತ್ತದೆ. ಇಲ್ಲದ ಒಂದೇ 20 ಲಕ್ಷಕ್ಕೆ ಎರಡು ಮನೆಯವರು ತೆರಿಗೆ ಕಟ್ಟುವ ಈ ಏರ್ಪಾಡಿಗೆ ಯಾರಾದರೂ ಪ್ರಶಸ್ತಿ ಕೊಡಬೇಕಿತ್ತು. ತಕರಾರಿದ್ದರೆ ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಕಳಿಸಿ ಎಂದು ಕೇಳಬಹುದು. ಕೆಲಸ ಹೋದವನಿಗೆ ಪುರುಸೊತ್ತಂತೂ ಇರುತ್ತದೆ.

ಬೆಲೆ ಬೀಳಬಹುದು ಎಂದು ಕೇಂದ್ರ ಸರ್ಕಾರವೂ ಒಮ್ಮೆ ಒಪ್ಪಿಕೊಂಡಿತ್ತು. ಕೊರೊನಾ ಕಾಲದಲ್ಲಿ, 2020ರ ನವೆಂಬರ್ 12ರಿಂದ 2021ರ ಜೂನ್ 30ರವರೆಗೆ, ಬಿಲ್ಡರ್ ಮೊದಲ ಬಾರಿ ಮಾರುವ 2 ಕೋಟಿಯೊಳಗಿನ ಮನೆಗಳಿಗೆ ವ್ಯತ್ಯಾಸದ ಈ ಶೇ. 10ರ ಮಿತಿಯನ್ನು 20ಕ್ಕೆ ಏರಿಸಿತು. ಶನಿಕಾಟಕ್ಕೆ ಏಳೂವರೆ ವರ್ಷ, ಬೆಲೆ ಇಳಿಕೆಗೆ ಸಿಕ್ಕ ಪರವಾನಗಿ ಏಳೂವರೆ ತಿಂಗಳು. ರಾಜ್ಯವೂ ಆ ದಿನಗಳಲ್ಲಿ ಉದಾರಿಯಾಯಿತು. 45 ಲಕ್ಷದೊಳಗಿನ ಹೊಸ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ. 3 ಸಾಕು ಎಂದಿತು. ಬೆಂಗಳೂರಲ್ಲಿ 45 ಲಕ್ಷಕ್ಕೆ ಎರಡು ಬೆಡ್‌ರೂಮು ಹುಡುಕುತ್ತ ಹೊರಟವರು ಹೊಸೂರು ತಲುಪಿದರೆ ಅಲ್ಲಿ ಶುಲ್ಕ ತಮಿಳುನಾಡಿನದು.

ಇನ್ನು ಸಾಲ. 2021ರಲ್ಲಿ ಶೇ. 6.7ರ ಬಡ್ಡಿಗೆ 50 ಲಕ್ಷ, ಇಪ್ಪತ್ತು ವರ್ಷಕ್ಕೆ ತೆಗೆದವರ ತಿಂಗಳ ಕಂತು ಸುಮಾರು 37,870. 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರೆಪೋ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) 4ರಿಂದ 6.5ಕ್ಕೆ ಏರಿತು, ಸಾಲದ ದರ 9.2 ಮುಟ್ಟಿತು. 50 ಲಕ್ಷಕ್ಕೆ 9.2ರಂತೆ ಒಂದು ತಿಂಗಳ ಬಡ್ಡಿಯೇ 38,333. ಅಸಲು ಅಷ್ಟಿಷ್ಟೇ ಕರಗಿದ್ದವರ ಕಂತಿನಲ್ಲಿ ಹೆಚ್ಚೂಕಮ್ಮಿ ಪೂರ್ತಿ ಬಡ್ಡಿಗೇ ಹೋಯಿತು. ಬಹಳಷ್ಟು ಬ್ಯಾಂಕುಗಳು ಕಂತು ಮುಟ್ಟದೆ, ಕೇಳದೆ ಅವಧಿಯನ್ನಷ್ಟೇ ಎಳೆದವು. ಸಾಲ ತೀರುವ ಹೊತ್ತಿಗೆ ಸಾಲಗಾರ ನಿವೃತ್ತನಾಗಿ, ಅವನ ಮೊಮ್ಮಗ ಗೃಹಸಾಲ ವಿಚಾರಿಸುತ್ತಿರುತ್ತಾನೆ. ಕೊನೆಗೆ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್, ದರ ಬದಲಾದಾಗ ಕಂತು ಏರಿಸುವುದೋ ಅವಧಿ ಏರಿಸುವುದೋ ಎಂದು ಸಾಲಗಾರನನ್ನು ಕೇಳಿ, ಸ್ಥಿರ ದರಕ್ಕೆ ಹೋಗುವ ಆಯ್ಕೆಯನ್ನೂ ಕೊಡಿ ಎಂದಿತು. 2025ರಲ್ಲಿ ರೆಪೋ 5.25ಕ್ಕೆ ಇಳಿದಿದೆ. ಏರುವಾಗ ಎಸ್ಸೆಮ್ಮೆಸ್ಸಲ್ಲಿ ಬಂದ ಸುದ್ದಿ ಇಳಿಯುವಾಗ ನಡೆದುಕೊಂಡು ಬರುತ್ತದೆ. ಎಂಸಿಎಲ್‌ಆರ್‌ನಲ್ಲೇ (ಬ್ಯಾಂಕು ತನ್ನ ವೆಚ್ಚ ನೋಡಿ ತಾನೇ ಕಟ್ಟುವ ದರ) ಉಳಿದ ಹಳೆಯ ಸಾಲಗಾರರು ಬ್ರಾಂಚಿಗೆ ಹೋಗಿ, ರೆಪೋಗೆ ಜೋಡಿಸಿ ಎಂದು ಅರ್ಜಿ ಕೊಟ್ಟು, ಶುಲ್ಕ ಕಟ್ಟಬೇಕು.

ಪ್ರಾಜೆಕ್ಟು ನಿಂತುಹೋದವರ ಕಥೆ ಇನ್ನೂ ಸೊಗಸು. 'ಕೀಲಿ ಕೊಡುವವರೆಗೆ ಕಂತಿಲ್ಲ, ಬಡ್ಡಿ ನಮ್ಮದು' ಎಂಬ ಯೋಜನೆಯಲ್ಲಿ ಸಾಲ ಇರುವುದು ಖರೀದಿದಾರನ ಹೆಸರಲ್ಲಿ. ಬಿಲ್ಡರ್ ಬಡ್ಡಿ ನಿಲ್ಲಿಸಿದ ದಿನ ಬ್ಯಾಂಕಿನ ಫೋನು ಬರುವುದು ಖರೀದಿದಾರನಿಗೆ, ಸಿಬಿಲ್ ಸ್ಕೋರ್ ಇಳಿಯುವುದೂ ಅವನದೇ. ಇಂಥವನ್ನು ಬಿಡಿ ಎಂದು ರಾಷ್ಟ್ರೀಯ ವಸತಿ ಬ್ಯಾಂಕು ಗೃಹಸಾಲ ಕಂಪನಿಗಳಿಗೆ ಹೇಳಿದ್ದು 2019ರ ಜುಲೈನಲ್ಲಿ. ಆಮೇಲೆ ಆದಾಯ ತೆರಿಗೆ. ಸಾಲ ತೆಗೆದ ಹಣಕಾಸು ವರ್ಷ ಮುಗಿದ ಐದು ವರ್ಷದೊಳಗೆ ಮನೆ ಪೂರ್ತಿಯಾಗದಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಸಿಗುವ 2 ಲಕ್ಷದ ಬಡ್ಡಿ ವಿನಾಯಿತಿ 30,000ಕ್ಕೆ ಇಳಿಯುತ್ತದೆ. ತಡಮಾಡಿದವನು ಬಿಲ್ಡರ್, ದಂಡ ತೆತ್ತವನು ಖರೀದಿದಾರ. ಹೊಸ ಪದ್ಧತಿಯಲ್ಲಿ ಈ ಅನ್ಯಾಯವಿಲ್ಲ, ಸ್ವಂತ ವಾಸದ ಮನೆಗೆ ವಿನಾಯಿತಿಯೇ ಇಲ್ಲ.

ದೂರು ಕೊಟ್ಟರೆ ರೇರಾ ಪ್ರಾಧಿಕಾರ ಬಡ್ಡಿಸಮೇತ ಹಣ ವಾಪಸ್ ಮಾಡು ಎಂದು ಆದೇಶಿಸುತ್ತದೆ. ಬಿಲ್ಡರ್ ಕೊಡುವುದಿಲ್ಲ. ವಸೂಲಾತಿ ಪತ್ರ ಹೊರಡುತ್ತದೆ, ಭೂಕಂದಾಯ ಬಾಕಿಯ ಹಾಗೆ ವಸೂಲು ಮಾಡಿ ಎಂದು ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ. ತಹಶೀಲ್ದಾರರ ಮೇಜಿನ ಮೇಲೆ ಪಹಣಿ ತಿದ್ದುಪಡಿ, ಕೆರೆ ಒತ್ತುವರಿ, ಚುನಾವಣೆ ಕೆಲಸ ಎಲ್ಲ ಮುಗಿದು ಇದರ ಸರದಿ ಬರಬೇಕು. ರಾಜ್ಯದಲ್ಲಿ ಇಂಥ ಆದೇಶಗಳ ಬಹುಪಾಲು ಹಣ ಬಾಕಿಯೇ ಇದೆ.

ಅಷ್ಟರಲ್ಲಿ ಪಕ್ಕದ ಖಾಲಿ ಜಾಗದಲ್ಲಿ ಎರಡನೇ ಹಂತದ ಬೋರ್ಡು ಏಳುತ್ತದೆ. ರೇರಾ ನೋಂದಣಿ ಇಲ್ಲದೆ ಬುಕಿಂಗ್ ತೆಗೆದುಕೊಳ್ಳುವಂತಿಲ್ಲ, ಹಾಗಾಗಿ ಅದಕ್ಕೆ ಬುಕಿಂಗ್ ಎನ್ನುವುದಿಲ್ಲ, 'ಆಸಕ್ತಿ ಪತ್ರ' ಎನ್ನುತ್ತಾರೆ. ಆಸಕ್ತಿಯ ಜೊತೆಗೆ ಎರಡು ಲಕ್ಷದ ಚೆಕ್ಕು. ಪ್ರಿ-ಲಾಂಚ್ ರೇಟು ಚದರಡಿಗೆ 8,500, ಅದೂ ಈ ಭಾನುವಾರದವರೆಗೆ ಮಾತ್ರ.