ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದ್ದರೆ ಡೈಪರ್ ಒಂದೇ ದಾರಿಯೇ? ಸತ್ಯಾಂಶ ಇಲ್ಲಿದೆ

ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹೀಗೊಂದು ಫಾರ್ವರ್ಡ್ ಓಡಾಡುತ್ತಿದೆ: "ಡಿಮೆನ್ಷಿಯಾ ಇರುವ ಹಿರಿಯರಿಗೆ ಬಟ್ಟೆಯಲ್ಲೇ ಮಲ ಆದರೆ ಏನೂ ಮಾಡಲಾಗದು. ನೀರು ಕಡಿಮೆ ಮಾಡಿ, ಭೇದಿ ನಿಲ್ಲುವ ಮಾತ್ರೆ ಕೊಟ್ಟು ಡೈಪರ್ ಹಾಕಿ."

ಕಾಯಿಲೆ ಹೆಚ್ಚಾದಂತೆ ಹತೋಟಿ ತಪ್ಪಬಹುದು, ಅದಷ್ಟು ನಿಜ. ಉಳಿದದ್ದು ಅಪಾಯದ ಸಲಹೆ.

ವೃದ್ಧಾಶ್ರಮಗಳಲ್ಲಿ ಬಹಳ ಸಲ ಮೂಲ ಕಾರಣ ಮಲಬದ್ಧತೆ. ಗುದನಾಳದಲ್ಲಿ ಗಟ್ಟಿ ಮಲ ಕಟ್ಟಿಕೊಂಡು, ಪಕ್ಕದಿಂದ ನೀರಾದ ಮಲ ಸೋರುತ್ತದೆ. ನೋಡುವವರಿಗೆ ಅದು ಭೇದಿ! ಅದಕ್ಕೆ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಕೊಟ್ಟರೆ ಕಟ್ಟಿದ್ದು ಇನ್ನೂ ಬಿಗಿಯುತ್ತದೆ. ನೀರು ಕಡಿಮೆ ಮಾಡಿದರೂ ಅಷ್ಟೇ. ಕೊಡಗಿನ ಮಳೆಗಾಲದ ಚಳಿಯಲ್ಲಿ ಮೊದಲೇ ಅವರು ನೀರು ಕೇಳುವುದಿಲ್ಲ. ಬೆಚ್ಚಗೆ ಮಾಡಿ ನಾವೇ ಕುಡಿಸಬೇಕು. ಕಬ್ಬಿಣಾಂಶದ ಮಾತ್ರೆ, ಕೆಲವು ನೋವಿನ ಮಾತ್ರೆಗಳಿಂದಲೂ ಮಲ ಕಟ್ಟುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಲವನ್ನು ಸಡಿಲ ಮಾಡಬಹುದು. ಮಾತ್ರೆಗಳನ್ನೆಲ್ಲ ಒಮ್ಮೆ ವೈದ್ಯರ ಮುಂದಿಡಿ.

ತಿಂದ ಮೇಲೆ ಕರುಳು ತಾನೇ ಚುರುಕಾಗುತ್ತದೆ. ಬೆಳಗ್ಗೆ ಅಕ್ಕಿರೊಟ್ಟಿ ತಿಂದು ಕಾಫಿ ಕುಡಿದ 20–30 ನಿಮಿಷದೊಳಗೆ ಕಮೋಡಿನಲ್ಲಿ ಕೂರಿಸಿ, ಪಾದದಡಿ ಸಣ್ಣ ಮಣೆ ಇಡಿ. ಅವಸರ ಬೇಡ. ಬಾಯಿಬಿಟ್ಟು ಹೇಳಲಾಗದವರು ಸೀರೆಯ ನೆರಿಗೆ ಎಳೆಯುತ್ತಾರೆ, ಎದ್ದು ಸುಮ್ಮನೆ ಓಡಾಡುತ್ತಾರೆ, ಅದೇ ಸೂಚನೆ. ಬಿಳಿ ಗೋಡೆಯ ಮುಂದೆ ಬಿಳಿ ಕಮೋಡ್ ಇದ್ದರೆ ಕೆಲವರಿಗೆ ಅದು ಇದೆಯೆಂದೇ ತಿಳಿಯದು. ಎದ್ದು ಕಾಣುವ ಬಣ್ಣದ ಸೀಟು ಹಾಕಿಸಿ, ದೊಡ್ಡ ಖರ್ಚೇನಲ್ಲ.

ಡೈಪರ್ ಹಾಕುವುದು ತಪ್ಪಲ್ಲ. ಮಲ ಆದ ಕೂಡಲೇ ಬದಲಿಸಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಜಿಂಕ್ ಕ್ರೀಮ್ ಹಚ್ಚಿ. ರಕ್ತ, ಜ್ವರ, ಹೊಟ್ಟೆ ಉಬ್ಬರ ಕಂಡರೆ ಕಾಯದೆ ವೈದ್ಯರಿಗೆ ತೋರಿಸಿ.